ಸೋಲಿಗರ ಬೆಟ್ಟವನ್ನು ಪುಟ್ಟ ಮಕ್ಕಳಿಗೆ ಕಲಿಸುವುದು ಹೇಗೆ

ಆದಿವಾಸಿಗಳ ಪಾಠ ಅಂದರೆ ನಮ್ಮ ಬಹುಪಾಲು ಶಾಲೆಗಳಲ್ಲಿ ನಡೆಯುವುದು ಇಷ್ಟೇ: ಗೋಡೆಗೊಂದು ಚಾರ್ಟು, ವಾರ್ಷಿಕೋತ್ಸವಕ್ಕೆ ಸೊಪ್ಪು ಸುತ್ತಿಕೊಂಡು ಕುಣಿಯುವ ಮಕ್ಕಳು, 'ಇವರು ಕಾಡಿನಲ್ಲಿ ವಾಸಿಸುತ್ತಿದ್ದರು' ಎಂಬ ಒಂದು ಸಾಲು. ಮಗುವಿನ ತಲೆಯಲ್ಲಿ ಉಳಿಯುವುದು ಸೊಪ್ಪು ಮಾತ್ರ. ಯಾವ ಕಾಡು, ಯಾವ ಜನ, ಆ ಜನಕ್ಕೂ ಆ ನೆಲಕ್ಕೂ ಏನು ನಂಟು ಅನ್ನುವುದು ದಾಟುವುದೇ ಇಲ್ಲ.

ಕೆಳಗಿರುವುದು ಅಂಗನವಾಡಿಯಿಂದ ಮೂರನೇ ತರಗತಿವರೆಗಿನ, ಅಂದರೆ 4ರಿಂದ 8 ವರ್ಷದ ಮಕ್ಕಳ ಜೊತೆ ಎರಡು ವಾರದಲ್ಲಿ ಮಾಡಬಹುದಾದ ಕೆಲಸ. ದಿನಕ್ಕೆ 30ರಿಂದ 40 ನಿಮಿಷ ಸಾಕು. ಉದಾಹರಣೆಗೆ ಹಿಡಿದಿರುವುದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು. ಒಂದೇ ಜನ, ಒಂದೇ ಬೆಟ್ಟ ಸಾಕು. 'ಕರ್ನಾಟಕದ ಬುಡಕಟ್ಟುಗಳು' ಎಂದು ಒಂದೇ ವಾರದಲ್ಲಿ ಎಂಟು ಸಮುದಾಯಗಳನ್ನು ತುರುಕಿದರೆ ಐದು ವರ್ಷದ ಮಗುವಿಗೆ ಎಲ್ಲರೂ ಒಂದೇ ಆಗಿಬಿಡುತ್ತಾರೆ.

ಬೇರೆ ಜಿಲ್ಲೆಯವರು ಕ್ರಮವನ್ನು ಮಾತ್ರ ಇಟ್ಟುಕೊಂಡು ಜನ, ಜಾಗ ಬದಲಿಸಿಕೊಳ್ಳಿ. ಎಚ್.ಡಿ. ಕೋಟೆ, ಹುಣಸೂರು, ಕೊಡಗಿನ ಕಡೆ ಜೇನುಕುರುಬರು, ಬೆಟ್ಟಕುರುಬರು, ಯರವರು, ಬೆಳ್ತಂಗಡಿ ಕಡೆ ಮಲೆಕುಡಿಯರು, ಮಂಗಳೂರು, ಉಡುಪಿಯಲ್ಲಿ ಕೊರಗರು, ಮಾಗಡಿ, ಕನಕಪುರದ ಕಡೆ ಇರುಳಿಗರು, ಅಂಕೋಲಾದಲ್ಲಿ ಹಾಲಕ್ಕಿಗಳು, ಯಲ್ಲಾಪುರ, ಹಳಿಯಾಳದಲ್ಲಿ ಸಿದ್ದಿಯರು. ಹೊರದೇಶದಲ್ಲಿ ಕನ್ನಡ ಶಾಲೆ ನಡೆಸುವವರು ಸೋಲಿಗರಿಗಿಂತ ಮೊದಲು ತಾವು ನಿಂತಿರುವ ನೆಲದವರಿಂದ ಶುರು ಮಾಡುವುದು ನ್ಯಾಯ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಇರುವವರಿಗೆ ಅದು ಓಲೋನಿ ಜನ, ಸಿಡ್ನಿಯ ಪ್ಯಾರಮಟ್ಟಾದಲ್ಲಿ ದಾರುಗ್ ಜನ.

ಮೊದಲು ಕಲಿಸುವವರ ತಯಾರಿ

ಇಷ್ಟು ನಿಮ್ಮ ಬಾಯಲ್ಲಿರಲಿ. ಸೋಲಿಗರ ಊರಿಗೆ ಪೋಡು ಎನ್ನುತ್ತಾರೆ. ಸೋಲಿಗರಲ್ಲಿ ಕುಲಗಳಿವೆ, ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆ ಇದೆ. ಆ ಎಲ್ಲೆಯೊಳಗೆ ಐದು ಬಗೆಯ ಜಾಗಗಳು ಬರುತ್ತವೆ: ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಕಲ್ಲುಗುಡಿ ತೀರಿಕೊಂಡ ಹಿರಿಯರ ಜಾಗ, ಅಬ್ಬಿ ನೀರಿನ ಸೆಲೆ. ಎಲ್ಲಕ್ಕಿಂತ ಹೆಸರಾದ ಜಾಗ ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ. ನೂರಾರು ವರ್ಷದ ಸಂಪಿಗೆ ಮರ ಅದು, ಬುಡದಲ್ಲಿ ಕಲ್ಲುಗಳನ್ನು ನಿಲ್ಲಿಸಿ ಪೂಜಿಸುತ್ತಾರೆ. ಸೋಲಿಗರೇ ಸಂಶೋಧಕರ ಜೊತೆ ಕಾಡು ಸುತ್ತಿ ಇಂಥ ನೂರಾರು ತಾಣಗಳನ್ನು ನಕ್ಷೆಗೆ ಏರಿಸಿದ್ದಾರೆ.

ಇನ್ನೊಂದು ಸಂಗತಿ ಮಕ್ಕಳಿಗೆ ತಟ್ಟನೆ ಹಿಡಿಯುತ್ತದೆ. ಬೆಟ್ಟದ ರಂಗಸ್ವಾಮಿ ಸೋಲಿಗರಿಗೆ ಬರೀ ದೇವರಲ್ಲ, ಭಾವ. ಸೋಲಿಗರ ಹೆಣ್ಣುಮಗಳು ಕುಸುಮಾಲೆಯನ್ನು ಮದುವೆಯಾದವನು ಎಂದು ಅವರ ಕಥೆ ಹೇಳುತ್ತದೆ. 'ಸಂರಕ್ಷಣೆ', 'ಪರಿಸರ' ಅನ್ನುವ ಮಾತು ಐದು ವರ್ಷದವರಿಗೆ ಗಾಳಿಯಲ್ಲಿ ಹೋಗುತ್ತದೆ. ಭಾವ ಅಂದರೆ ಗೊತ್ತು. ಭಾವನ ಮನೆಗೆ ಹೋದರೆ ಹೇಗೆ ನಡೆದುಕೊಳ್ಳಬೇಕು, ಏನು ಮುಟ್ಟಬಹುದು, ಏನು ಕೇಳಿ ತೆಗೆದುಕೊಳ್ಳಬೇಕು ಎಂದು ಅವರೇ ಹೇಳುತ್ತಾರೆ. ಈ ಪಾಠದ ಬೆನ್ನೆಲುಬು ಇದೇ: ಈ ಜನಕ್ಕೆ ನೆಲ ಅಂದರೆ ಹೆಸರಿರುವ ನೆಂಟರು, ನೆಂಟರೆಂದ ಮೇಲೆ ಕೊಡು-ಕೊಳ್ಳುವುದಕ್ಕೆ ರೀತಿ ಇದೆ.

ಮಕ್ಕಳ ಮುಂದೆ 'ಸೋಲಿಗರು' ಎಂದೇ ಹೇಳಿ. 'ಕಾಡುಜನ' ಬೇಡ. ಕ್ರಿಯಾಪದದ ಮೇಲೂ ನಿಗಾ ಇಡಿ: 'ಇದ್ದರು, ತಿನ್ನುತ್ತಿದ್ದರು' ಅಲ್ಲ, 'ಇದ್ದಾರೆ, ತಿನ್ನುತ್ತಾರೆ'. ಪಾಠ ಕೆಡುವುದು ಹೆಚ್ಚಾಗಿ ಇಲ್ಲೇ.

ಮೊದಲ ಎರಡು ದಿನ ನಮ್ಮದೇ ನೆಲ

ಸೋಲಿಗರ ಹೆಸರು ಎತ್ತುವ ಮೊದಲು ಮಕ್ಕಳನ್ನು ಶಾಲೆಯ ಸುತ್ತ 200 ಮೀಟರಿನೊಳಗೆ ನಡೆಸಿ. ಪ್ರತಿ 10 ಮಕ್ಕಳಿಗೆ ಒಬ್ಬ ದೊಡ್ಡವರು ಬೇಕು. ಒಂದು ಮರ, ಒಂದು ನೀರಿನ ಜಾಗ (ನಲ್ಲಿಯಾದರೂ ಸರಿ), ಒಂದು ಕಲ್ಲು ಅಥವಾ ದಿಬ್ಬ, ಇಷ್ಟನ್ನು ಅವರೇ ಆರಿಸಲಿ. ಪ್ರತಿಯೊಂದಕ್ಕೂ ಹೆಸರು ಕೇಳಿ. 'ಮರ' ಅಂದರೆ ಸಾಲದು, ಯಾವ ಮರ? ಊರಿನವರು ಆ ತಿರುವಿಗೆ, ಆ ಕಟ್ಟೆಗೆ ಏನೆನ್ನುತ್ತಾರೆ? ಗೊತ್ತಿಲ್ಲದ್ದನ್ನು ಮನೆಯಲ್ಲಿ ಅಜ್ಜಿ-ತಾತನನ್ನು ಕೇಳಿಕೊಂಡು ಬರಲಿ. ಮಾರನೇ ದಿನ ಬಂದ ಹೆಸರುಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ತೂಗುಹಾಕಿ.

ನಗರದ ಶಾಲೆಗಳಲ್ಲಿ ಮಕ್ಕಳು ಅಂಗಡಿ, ಅಪಾರ್ಟ್‌ಮೆಂಟಿನ ಹೆಸರನ್ನೇ ತರುತ್ತಾರೆ. ತಪ್ಪೆನ್ನಬೇಡಿ, ಬರೆಯಿರಿ. ಹೆಸರಿಲ್ಲದ ಜಾಗಕ್ಕೆ ಖಾಲಿ ಗೆರೆ ಬಿಡಿ. ಹಾಳೆಯಲ್ಲಿ ಎಷ್ಟು ಖಾಲಿ ಗೆರೆ ಉಳಿದಿವೆ ಅನ್ನುವುದು ಮುಂದೆ ಕೆಲಸಕ್ಕೆ ಬರುತ್ತದೆ: ಸೋಲಿಗರ ಬೆಟ್ಟದಲ್ಲಿ ಸಣ್ಣ ನೀರಿನ ಸೆಲೆಗೂ ಹೆಸರಿದೆ ಎಂದಾಗ ಮಕ್ಕಳು ತಾವಾಗಿಯೇ ಹಾಳೆಯ ಕಡೆ ತಿರುಗುತ್ತಾರೆ.

ಮರಳಿನಲ್ಲಿ ಬೆಟ್ಟ

ಚಿತ್ರ ಬಿಡಿಸುವುದಕ್ಕಿಂತ ಇದು ಮೇಲು. ಈ ವಯಸ್ಸಿನವರಿಗೆ ಕಾಗದದ ಮೇಲಿನ ನಕ್ಷೆ ಅರ್ಥವಾಗುವುದಿಲ್ಲ, ಕೈಗೆ ಎತ್ತರ-ತಗ್ಗು ಸಿಗಬೇಕು.

3 ಅಡಿ ಉದ್ದ, 2 ಅಡಿ ಅಗಲ, 4 ಇಂಚು ಎತ್ತರದ ಮರದ ಚೌಕಟ್ಟು ಮಾಡಿಸಿ, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಎರಡು ಪಾಲು ಮರಳಿಗೆ ಒಂದು ಪಾಲು ಜರಡಿ ಹಿಡಿದ ಕೆಮ್ಮಣ್ಣು ಬೆರೆಸಿ ಮೂರು ಇಂಚಿನಷ್ಟು ತುಂಬಿ. ಗಾರೆ ಬಾಣಲಿಯಲ್ಲಿ ಮೂರ್ನಾಲ್ಕು ಬಾಣಲಿ ಹಿಡಿಸುತ್ತದೆ. ಸುಮಾರು 4 ಲೀಟರ್ ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸಿ ಕಲಸಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಬರಬಾರದು. ಬರೀ ಮರಳಾದರೆ ಒಣಗಿದ ಕೂಡಲೇ ಬೆಟ್ಟ ಜಾರುತ್ತದೆ, ಮಣ್ಣು ಹೆಚ್ಚಾದರೆ ಮಾರನೇ ದಿನಕ್ಕೆ ಬಿರುಕು ಬಿಡುತ್ತದೆ. ರಾತ್ರಿ ಮೇಲೆ ಒದ್ದೆ ಗೋಣಿಚೀಲ ಮುಚ್ಚಿ. ತುಂಬಿದ ಮೇಲೆ 60 ಕಿಲೋ ದಾಟುವುದರಿಂದ ಬೆಂಚಿನ ಮೇಲೆ ಬೇಡ. ನೆಲದ ಮೇಲೆ, ಇರಬೇಕಾದ ಜಾಗದಲ್ಲೇ ಇಟ್ಟು ತುಂಬಿ. ಒಂದು ಚೌಕಟ್ಟಿಗೆ 8 ಮಕ್ಕಳು ಮಿತಿ. ಅದಕ್ಕಿಂತ ಹೆಚ್ಚಾದರೆ ಮೊಣಕೈ ಜಗಳ ಶುರುವಾಗುತ್ತದೆ, ಪಾಠ ಮುಗಿದ ಹಾಗೆ.

ಉತ್ತರ ದಿಕ್ಕಿಗೊಂದು ಗುರುತು ಇಡಿ. ಬಿಳಿಗಿರಿಯ ಸಾಲು ಉತ್ತರ-ದಕ್ಷಿಣವಾಗಿ ಹಬ್ಬಿದೆ, ಹಾಗೆಯೇ ಎರಡು ಮೂರು ಏಣು ಮಾಡಿಸಿ. ಆಮೇಲೆ ಮಕ್ಕಳ ಕೈಗೆ ಐದಾರು ಖಾಲಿ ಬೆಂಕಿಪೊಟ್ಟಣ ಕೊಟ್ಟು 'ಪೋಡು ಎಲ್ಲಿ ಇಡೋಣ?' ಎಂದು ಕೇಳಿ ಸುಮ್ಮನಿರಿ. ಬಹಳ ಮಕ್ಕಳು ಬೆಟ್ಟದ ನೆತ್ತಿಯ ಮೇಲೆ ಇಡುತ್ತಾರೆ, ಅಲ್ಲಿಂದ ಚೆನ್ನಾಗಿ ಕಾಣುತ್ತದಲ್ಲ! ಆಗ ಕೇಳಿ: 'ನೀರು?' ನೀರು ತುಂಬಿದ ಬಾಟಲಿ ಮುಚ್ಚಳಗಳನ್ನು ಅಬ್ಬಿಗಳೆಂದು ತಗ್ಗಿನಲ್ಲಿ ಹುಗಿದು, ಅಲ್ಲಿಂದ ನೀಲಿ ಉಲ್ಲನ್ ದಾರವನ್ನು ಹೊಳೆಯಾಗಿ ಎಳೆಯಿರಿ. ಬೆಂಕಿಪೊಟ್ಟಣಗಳು ತಾವಾಗಿ ಕೆಳಗಿಳಿಯುತ್ತವೆ. ನೀವು ಉತ್ತರ ಹೇಳಿಕೊಟ್ಟರೆ ಈ ಹತ್ತು ನಿಮಿಷ ವ್ಯರ್ಥ.

ಉಳಿದ ಗುರುತುಗಳು ಮಾರನೇ ದಿನಕ್ಕಿರಲಿ. ಹೊಳೆಯ ಪಕ್ಕ ಎಲೆಯಿರುವ ಕಡ್ಡಿ ನೆಟ್ಟು ಬುಡಕ್ಕೆ ನಾಲ್ಕೈದು ಸಣ್ಣ ಕಲ್ಲು ಇಟ್ಟರೆ ದೊಡ್ಡ ಸಂಪಿಗೆ. ಮಾರಮ್ಮನಿಗೆ ಕೆಂಪು ಕಲ್ಲು, ವೀರುವಿಗೆ ನಿಲ್ಲಿಸಿದ ಕಪ್ಪು ಕಲ್ಲು, ಕಲ್ಲುಗುಡಿಗೆ ಚಪ್ಪಟೆ ಕಲ್ಲು. ಅಂಗನವಾಡಿ ಮಕ್ಕಳಿಗೆ ಕಲ್ಲುಗುಡಿಯನ್ನು 'ಅಜ್ಜ-ಅಜ್ಜಿಯರ ಕಲ್ಲು' ಎಂದರೆ ಸಾಕು. ಇವೆಲ್ಲ ಗುರುತು ಮಾತ್ರ. ಕುಂಕುಮ ಹಚ್ಚುವುದು, ಮಂಗಳಾರತಿಯ ಆಟ ಬೇಡ. ಇನ್ನೊಬ್ಬರ ಪೂಜೆಯನ್ನು ಆಟವಾಗಿಸಿದರೆ, ತರಗತಿಯಲ್ಲಿ ಆ ಸಮುದಾಯದ ಮಗು ಇದ್ದಾಗ ಅದಕ್ಕೆ ನೋವಾಗುತ್ತದೆ.

ಜೇನಿನ ದಿನ

ಸೋಲಿಗರ ಕಾಡಿನ ತಿಳಿವಳಿಕೆಯನ್ನು ಸಣ್ಣವರಿಗೆ ತೋರಿಸಲು ಜೇನಿಗಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ. 'ಜೇನು' ಎಂದು ನಾವು ಒಂದೇ ಮಾತಿನಲ್ಲಿ ಮುಗಿಸುವುದು ಅವರಿಗೆ ನಾಲ್ಕು: ಹೆಜ್ಜೇನು, ತುಡುವೆ ಜೇನು, ಕಡ್ಡಿ ಜೇನು, ನಸರು ಜೇನು. ನಾಲ್ಕನ್ನೂ ಗಾತ್ರದಲ್ಲಿ ತೋರಿಸಿ.

ಹೆಜ್ಜೇನಿಗೆ ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಒಂದು ಮೀಟರ್ ಅಗಲದ ಅರ್ಧಚಂದ್ರ ಕತ್ತರಿಸಿ ಕಿಟಕಿಯ ಮೇಲ್ಗಡೆ ತೂಗಿಬಿಡಿ. ಅದು ಬಯಲಲ್ಲೇ, ಬಂಡೆಯ ಸೂರಿನಡಿ ಅಥವಾ ಎತ್ತರದ ಕೊಂಬೆಗೆ ಒಂದೇ ಹಲ್ಲೆ (ಮೇಣದ ತಟ್ಟಿ) ಕಟ್ಟುತ್ತದೆ. ತುಡುವೆಗೆ ರಟ್ಟಿನ ಡಬ್ಬಿಯೊಳಗೆ ಅಂಗೈ ಅಗಲದ ಐದು ರಟ್ಟಿನ ತುಂಡುಗಳನ್ನು ಸಾಲಾಗಿ ನಿಲ್ಲಿಸಿ ಮುಚ್ಚಿ ಸಣ್ಣ ತೂತು ಮಾಡಿ, ಅದು ಪೊಟರೆಯ ಕತ್ತಲಲ್ಲಿ ಹಲವು ಹಲ್ಲೆ ಕಟ್ಟುವ ಹುಳು. ಕಡ್ಡಿ ಜೇನಿಗೆ ಒಂದು ಕಡ್ಡಿಗೆ ಸಿಕ್ಕಿಸಿದ ಅಂಗೈ ಗಾತ್ರದ ಹಲ್ಲೆ ಒಂದೇ. ನಸರು ಗೋಡೆಯ ಬಿರುಕಲ್ಲೂ ಇರುತ್ತದೆ, ಸಾಸಿವೆಗಿಂತ ತುಸು ದೊಡ್ಡದು, ಚುಚ್ಚುವುದಿಲ್ಲ, ಅದರ ತುಪ್ಪಕ್ಕೆ ಹುಳಿ ರುಚಿ. ಶಾಲೆಯ ಹಳೇ ಗೋಡೆಯಲ್ಲಿ ನಸರಿನ ಮೇಣದ ಕೊಳವೆ ಇದ್ದರೆ ಅದನ್ನೇ ತೋರಿಸಿ, ಒಂದು ಅಡಿ ದೂರದಿಂದ ನೋಡಿದರೂ ಅಪಾಯವಿಲ್ಲ. ಹೆಜ್ಜೇನಿನದು ಬೇರೆ ಮಾತು. ಕೆಣಕಿದರೆ ಗುಂಪಾಗಿ ಅಟ್ಟಿಸಿಕೊಂಡು ಬರುತ್ತದೆ. ಮರದಲ್ಲಿ, ನೀರಿನ ಟ್ಯಾಂಕಿನಡಿ ಹೆಜ್ಜೇನು ಕಟ್ಟಿದ್ದರೆ ಮಕ್ಕಳನ್ನು ಅತ್ತ ಒಯ್ಯಲೇಬೇಡಿ.

ಸೋಲಿಗರು ಹೆಜ್ಜೇನು ಇಳಿಸುವುದು ಬೇಸಿಗೆಯಲ್ಲಿ, ಮಳೆ ಹಿಡಿಯುವ ಮುಂಚೆ, ಸಾಮಾನ್ಯವಾಗಿ ಕತ್ತಲಲ್ಲಿ, ಹೊಗೆ ಹಾಕಿ. ಹಿರಿಯರು ಹೇಳುವ ಒಂದು ರೀತಿಯನ್ನು ಮಕ್ಕಳಿಗೆ ತಪ್ಪದೆ ಹೇಳಿ: ಇಳಿಸಿದ ಜೇನಿನಲ್ಲಿ ಒಂದೆರಡು ತುಂಡು ನೆಲದ ಮೇಲೆ ಹುಲಿಗೆ ಇಡುತ್ತಾರೆ, ಪಾಪ ಅದಕ್ಕೆ ಮರ ಹತ್ತಿ ಜೇನು ಕೀಳಲು ಬರುವುದಿಲ್ಲವಲ್ಲ. ಇಲ್ಲಿ ಒಂದು ಮಗು 'ಹುಲಿ ಜೇನು ತಿನ್ನುತ್ತಾ?' ಎಂದು ಕೇಳಿಯೇ ಕೇಳುತ್ತದೆ. 'ಮನೆಗೆ ಬಂದ ನೆಂಟರು ತಿನ್ನಲಿ ಬಿಡಲಿ, ಅವರ ಪಾಲು ಇಡುತ್ತೇವಲ್ಲ' ಎಂದರೆ ಅವರಿಗೆ ಸಾಕಾಗುತ್ತದೆ. ಹುಲಿ ಮಾದಪ್ಪನ ವಾಹನ ಅನ್ನುವುದು ಹಳೇ ಮೈಸೂರು ಕಡೆಯ ಮಕ್ಕಳಿಗೆ ಗೊತ್ತೇ ಇರುತ್ತದೆ.

ಕೊನೆಗೆ ಅರ್ಧರ್ಧ ಚಮಚ ಜೇನುತುಪ್ಪ ಕೊಡಬಹುದು. ಬುಡಕಟ್ಟು ಜನರ ಲ್ಯಾಂಪ್ಸ್ ಸಹಕಾರ ಸಂಘದಿಂದ ತಂದರೆ ಬಾಟಲಿಯನ್ನೂ ತೋರಿಸಿ. ಅಲರ್ಜಿ ಇದೆಯೇ ಎಂದು ಪೋಷಕರನ್ನು ಮೊದಲೇ ಕೇಳಿರಬೇಕು.

ನೆಲ್ಲಿಕಾಯಿ ಆಟ

ಇದು 6 ವರ್ಷ ದಾಟಿದವರಿಗೆ. ನಾಲ್ಕು ಮಕ್ಕಳಿಗೊಂದು ಗುಂಪು, ಗುಂಪಿಗೆ 20 ಹುಣಸೆಬೀಜ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದ ಒಂದು ಮರ. ಬೀಜಗಳೇ ನೆಲ್ಲಿಕಾಯಿ. ಕೈಯಲ್ಲಿ ಇನ್ನಷ್ಟು ಬೀಜ ಇಟ್ಟುಕೊಂಡು ನೀವು 'ಮಳೆ' ಆಗಿ. ಒಂದು ಸುತ್ತೆಂದರೆ ಒಂದು ವರ್ಷ. ಎಲ್ಲರೂ ಕಿತ್ತ ಮೇಲೆ ಮರದಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನೇ ಮತ್ತೆ ಸೇರಿಸಿ. ಆದರೆ ಮರದಲ್ಲಿ 20ಕ್ಕಿಂತ ಹೆಚ್ಚು ಇರಕೂಡದು.

ಮೊದಲು 'ಎಷ್ಟು ಬೇಕಾದರೂ ಕಿತ್ತುಕೊಳ್ಳಿ' ಎನ್ನಿ. ಒಂದೇ ಸುತ್ತಿಗೆ ಮರ ಬೋಳು. ಎರಡನೇ ಸಲ ತಲೆಗೆ 3: ಮೊದಲ ವರ್ಷ 12 ಹೋಗಿ 8 ಉಳಿದು 16 ಆಗುತ್ತದೆ, ಎರಡನೇ ವರ್ಷ 4 ಉಳಿದು 8 ಆಗುತ್ತದೆ, ಮೂರನೇ ವರ್ಷ ಇಬ್ಬರಿಗೆ ಮೂರು ಮೂರು, ಒಬ್ಬರಿಗೆ ಎರಡು, ಕೊನೆಯವರಿಗೆ ಸೊನ್ನೆ. ಮೂರನೇ ಸಲ ತಲೆಗೆ 2: 8 ಹೋಗಿ 12 ಉಳಿಯುತ್ತದೆ, ಮರ ಮತ್ತೆ 20ಕ್ಕೆ ಬರುತ್ತದೆ, ಎಷ್ಟು ವರ್ಷವಾದರೂ. ಲೆಕ್ಕವನ್ನು ನೀವು ಮೊದಲೇ ಒಡೆದು ಹೇಳಬೇಡಿ. ತಲೆಗೆ 3 ಅನ್ನುವ ಸುತ್ತಿನಲ್ಲಿ ಕೊನೆಯಲ್ಲಿ ಕೂತ ಮಗು 'ನನಗೆ?' ಎಂದು ಎದ್ದು ನಿಲ್ಲುವ ಗಳಿಗೆಗೆ ಕಾಯಿರಿ.

ಈ ಆಟಕ್ಕೊಂದು ಅಪಾಯವಿದೆ. ಇಲ್ಲಿಗೇ ನಿಲ್ಲಿಸಿದರೆ 'ಕಾಯಿ ಕೀಳುವವರಿಂದ ಕಾಡು ಹಾಳು' ಅನ್ನುವ ತೀರ್ಮಾನಕ್ಕೆ ಮಕ್ಕಳು ಬರುತ್ತಾರೆ. ಹಾಗಲ್ಲ. ಚಳಿಗಾಲದಲ್ಲಿ ನೆಲ್ಲಿ ಕೀಳುವಾಗ ಮರದಲ್ಲಿ ಒಂದಿಷ್ಟು ಬಿಡುವುದು ಸೋಲಿಗರ ರೂಢಿ. ಉದುರಿದ್ದನ್ನು ಜಿಂಕೆ, ಕಾಡುಕುರಿ ತಿಂದು ಬೀಜ ಚೆಲ್ಲುತ್ತವೆ. ಬಿಳಿಗಿರಿಯ ನೆಲ್ಲಿಗೆ ಕಾಟ ಕೊಡುತ್ತಿರುವುದರಲ್ಲಿ ಮರದ ಮೇಲೆ ಬೆಳೆಯುವ ಬಂದಳಿಕೆ ಮತ್ತು ಕೆಳಗೆ ಹಬ್ಬಿದ ಲಂಟಾನ ಎಂಬ ಕಳೆಪೊದೆ ದೊಡ್ಡವು. ಬೇಸಿಗೆಯ ಮೊದಲಲ್ಲಿ ನೆಲದ ತರಗು ಮಾತ್ರ ಸುಡುವಂತೆ ಹಾಕುತ್ತಿದ್ದ ಬೆಂಕಿ ಇವೆರಡನ್ನೂ ಹತೋಟಿಯಲ್ಲಿಡುತ್ತಿತ್ತು, ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಏರಿತು ಎಂದು ಸೋಲಿಗರು ಹೇಳುತ್ತಾರೆ. ಮೂರನೇ ತರಗತಿಗೆ ಇದನ್ನು ಎರಡು ವಾಕ್ಯದಲ್ಲಿ ಹೇಳಬಹುದು. ಚಿಕ್ಕವರಿಗೆ ಬೆಂಕಿಯ ಮಾತು ಬೇಡ, ಕಡ್ಡಿ ಗೀರಿ ನೋಡುವ ವಯಸ್ಸು. ಅವರಿಗೆ ಇನ್ನೊಂದು ಸುತ್ತು ಆಡಿಸಿ: ಮರದ ಸುತ್ತ ಕಾಗದದ ಉಂಡೆಗಳನ್ನು ಲಂಟಾನವೆಂದು ಒತ್ತಾಗಿ ಇಟ್ಟು, ಆ ವರ್ಷ 'ಮಳೆ' ಏನನ್ನೂ ಸೇರಿಸುವುದಿಲ್ಲ ಎನ್ನಿ.

ಪೋಡಿನವರನ್ನು ಕರೆಯುವಾಗ

ಎರಡನೇ ವಾರದಲ್ಲಿ ಆ ಸಮುದಾಯದವರೇ ಬಂದು ಮಾತಾಡಿದರೆ ಉಳಿದದ್ದೆಲ್ಲ ಅದರ ಮುಂದೆ ಸಪ್ಪೆ. ದಾರಿ ಗೊತ್ತಿಲ್ಲದಿದ್ದರೆ ತಾಲ್ಲೂಕಿನ ಗಿರಿಜನ ಆಶ್ರಮ ಶಾಲೆ, ಊರಿನ ಅರಣ್ಯ ಹಕ್ಕು ಸಮಿತಿ ಅಥವಾ ಲ್ಯಾಂಪ್ಸ್ ಸಂಘವನ್ನು ವಿಚಾರಿಸಿ. ಕನಿಷ್ಠ ಎರಡು ವಾರ ಮೊದಲೇ ಕೇಳಿ. ಜೇನಿನ ಕಾಲ, ರಾಗಿ ಕೊಯ್ಲಿನ ಕಾಲ ತಪ್ಪಿಸಿ. ಬಸ್ ಖರ್ಚು, ಊಟ, ಒಂದು ದಿನದ ಕೂಲಿಗೆ ಕಡಿಮೆಯಿಲ್ಲದ ಗೌರವಧನವನ್ನು ಮೊದಲೇ ಮಾತಾಡಿ ಅದೇ ದಿನ ಕೈಗೆ ಕೊಡಿ. ಶಾಲು-ಹಾರಕ್ಕೆ ದುಡ್ಡು ಹೊಂದಿಸಿ ಕೂಲಿಗೆ ಕೈ ಬಿಗಿಹಿಡಿಯುವುದು ಅವಮಾನ.

15ರಿಂದ 20 ಮಕ್ಕಳು, ಅರ್ಧ ಗಂಟೆ, ಎಲ್ಲರೂ ನೆಲದ ಮೇಲೆ ದುಂಡಗೆ. ವೇದಿಕೆ, ಮೈಕು ಬೇಡ. ಮಕ್ಕಳ ಮೂರು ಪ್ರಶ್ನೆಗಳನ್ನು ಮುಂಚೆಯೇ ಕಳಿಸಿಕೊಡಿ: ಚಿಕ್ಕವರಿದ್ದಾಗ ಎಲ್ಲಿ ಆಡುತ್ತಿದ್ದಿರಿ, ಯಾವ ಮರ ಇಷ್ಟ, ಕಾಡಿಗೆ ಹೋಗುವ ಮುಂಚೆ ಏನು ಮಾಡುತ್ತೀರಿ. 'ಒಂದು ಡ್ಯಾನ್ಸ್ ಮಾಡಿ' ಎಂದು ಯಾರೂ ಕೇಳಬಾರದು, ಮುಖ್ಯೋಪಾಧ್ಯಾಯರೂ. ಮದ್ದಿನ ಗಿಡ ಯಾವುದು, ಹೇಗೆ ಅರೆಯುತ್ತಾರೆ ಎಂದು ಬಗೆಯಬೇಡಿ. ಅದು ಅವರ ಮನೆತನದ ಸ್ವತ್ತು, ಮಿಗಿಲಾಗಿ ಮಕ್ಕಳು ಕಂಡ ಸೊಪ್ಪನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾರೆ. ಫೋಟೊಗೆ ಕೇಳಿಯೇ ಕೈ ಹಾಕಿ. ಅವರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು, ಮಕ್ಕಳಿಗೆ ಹೆಚ್ಚಿನಂಶ ಅರ್ಥವಾಗುತ್ತದೆ. ನಡುವೆ ಬಾಯಿ ಹಾಕಿ 'ಅಂದರೆ ಶುದ್ಧ ಕನ್ನಡದಲ್ಲಿ...' ಎಂದು ತಿದ್ದಬೇಡಿ.

ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವವರು ನೆನಪಿಡಿ: ಅದು ಹುಲಿ ಸಂರಕ್ಷಿತ ಪ್ರದೇಶ. ದೇವಸ್ಥಾನದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ, ದೊಡ್ಡ ಸಂಪಿಗೆ ಇರುವುದು ಕಾಡಿನೊಳಗೆ, ಅರಣ್ಯ ಇಲಾಖೆಯ ಅನುಮತಿ ಬೇಕು. ಪೋಡುಗಳನ್ನು ಪ್ರವಾಸಿ ತಾಣದಂತೆ ಸುತ್ತಿಸುವುದಂತೂ ಬೇಡವೇ ಬೇಡ.

ತರಗತಿಯಲ್ಲೇ ಸೋಲಿಗರ ಮಗುವಿದ್ದರೆ ಪಾಠ ಶುರುವಾಗುವ ಮೊದಲೇ ಅದರ ತಂದೆ-ತಾಯಿಗೆ ಹೇಳಿ, ಅವರಿಗೆ ಏನು ಇಷ್ಟ, ಏನು ಬೇಡ ಕೇಳಿ. 'ನೀನೇ ಹೇಳಪ್ಪ, ನಿಮ್ಮಲ್ಲಿ ಹೇಗೆ?' ಎಂದು ಎಲ್ಲರೆದುರು ಎಬ್ಬಿಸಬೇಡಿ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ.

ವೇಷ ಮತ್ತು ಕಷ್ಟದ ಪ್ರಶ್ನೆ

ಮುಖಕ್ಕೆ ಮಸಿ, ಸೊಂಟಕ್ಕೆ ಸೊಪ್ಪು, ಕೈಗೆ ಬಿಲ್ಲು: ಇದನ್ನು ಪೂರ್ತಿ ಬಿಡಿ. ಕರಾವಳಿಯಲ್ಲಿ ಕೊರಗರ ವೇಷ ಹಾಕಿ ನಗಿಸುವುದು ಆ ಜನಕ್ಕೆ ಹಳೆಯ ಗಾಯ. ಅವರನ್ನು ಕೀಳಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕರ್ನಾಟಕಕ್ಕೆ ಕಾನೂನೇ ಬೇಕಾಯಿತು. ವಾರ್ಷಿಕೋತ್ಸವಕ್ಕೆ ಏನಾದರೂ ತೋರಿಸಲೇಬೇಕೆಂದಿದ್ದರೆ ಮರಳಿನ ಬೆಟ್ಟವನ್ನೇ ಇಟ್ಟು ಮಕ್ಕಳ ಬಾಯಲ್ಲಿ ಜಾಗಗಳ ಹೆಸರು ಹೇಳಿಸಿ.

ಬಿಲ್ಲಿನ ಬದಲು ಇವತ್ತಿನ ಸೋಲಿಗರ ಕೆಲಸಗಳ ಚಿತ್ರ ಅಂಟಿಸಿ: ಕಾಫಿ, ಮೆಣಸು ಬೆಳೆಯುವವರು, ದಾದಿಯರು, ಮೇಷ್ಟ್ರು, ಅರಣ್ಯ ಕಾವಲುಗಾರರು, ಸಂಶೋಧಕರು, ಲಂಟಾನದ ಕಡ್ಡಿಯಲ್ಲಿ ಕುರ್ಚಿ ಹೆಣೆಯುವವರು. ಹಾಲಕ್ಕಿಗಳ ಪಾಠ ಮಾಡುವವರಿಗೆ 2024ರಲ್ಲಿ ತೀರಿಕೊಂಡ, ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರ ಕಥೆ ಇದೆ. ಬೀಜಕ್ಕೆ ಸರಿಯಾದ ತಾಯಿಮರ ಯಾವುದೆಂದು ಕಾಡಿನಲ್ಲಿ ಗುರುತಿಸುತ್ತಿದ್ದ ಅವರಿಗೆ 2020ರ ಪದ್ಮಶ್ರೀ ಬಂತು.

'ಅವರು ಈಗಲೂ ಕಾಡೊಳಗೇ ಇದ್ದಾರಾ?' ಎಂದು ಯಾವುದಾದರೂ ಮಗು ಕೇಳುತ್ತದೆ. ಉತ್ತರಕ್ಕೆ ನಿಮಗೆ ಈ ಹಿನ್ನೆಲೆ ಗೊತ್ತಿರಬೇಕು: 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾಯಿತು, ಕಾಡಿನೊಳಗೆ ಜಾಗ ಬದಲಿಸುತ್ತ ಮಾಡುತ್ತಿದ್ದ ಬೇಸಾಯ ನಿಂತು, ಎಷ್ಟೋ ಕುಟುಂಬಗಳನ್ನು ಹೊಸ ಪೋಡುಗಳಿಗೆ ಕಳಿಸಲಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, 2011ರಲ್ಲಿ, ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಅದೇ ವರ್ಷ, ಹಲವು ಪೋಡುಗಳ ಗ್ರಾಮಸಭೆಗಳು ಸಮುದಾಯ ಹಕ್ಕು ಪಡೆದವು. ನಾಲ್ಕೈದು ವರ್ಷದವರಿಗೆ: 'ಕೆಲವರು ಕಾಡೊಳಗೆ, ಕೆಲವರು ಕಾಡಂಚಲ್ಲಿ, ಕೆಲವರು ಊರಲ್ಲಿ ಇದ್ದಾರೆ.' ಏಳೆಂಟು ವರ್ಷದವರಿಗೆ: 'ಪ್ರಾಣಿಗಳನ್ನು ಉಳಿಸಬೇಕೆಂದು ಸರ್ಕಾರ ಕೆಲವರನ್ನು ಹಳೇ ಜಾಗದಿಂದ ಕಳಿಸಿತು. ಅವರನ್ನು ಸರಿಯಾಗಿ ಕೇಳಲಿಲ್ಲ. ಈ ಕಾಡು ನಮ್ಮದೂ ಹೌದು ಎಂದು ಅವರು ಬಹಳ ವರ್ಷ ಕೇಳಿದರು, ಆಮೇಲೆ ಕೆಲವು ಹಕ್ಕು ಸಿಕ್ಕಿತು.' ಅಷ್ಟೇ. ಕಣ್ಣೀರು ಬರಿಸುವಂತೆ ಹೇಳಬೇಡಿ, ಅವರನ್ನು ಪಾಪದವರನ್ನಾಗಿಯೂ ಮಾಡಬೇಡಿ.

ಕೊನೆಗೆ ಪರೀಕ್ಷೆ ಇಡಬೇಡಿ. ಕಲಿತದ್ದು ಎಷ್ಟೆಂದು ನೋಡಬೇಕಿದ್ದರೆ ಮರಳನ್ನು ಸಮ ಮಾಡಿ, 'ಮತ್ತೆ ಕಟ್ಟಿ' ಎಂದು ಬಿಟ್ಟು ದೂರ ನಿಂತು ಕೇಳಿಸಿಕೊಳ್ಳಿ. ನೀರು ಮೊದಲು ಬಂತೇ, ಜಾಗಗಳಿಗೆ ಹೆಸರಿಟ್ಟು ಮಾತಾಡುತ್ತಾರೆಯೇ, 'ಇದ್ದಾರೆ' ಅನ್ನುತ್ತಾರೋ 'ಇದ್ದರು' ಅನ್ನುತ್ತಾರೋ ಗಮನಿಸಿ. 'ಇದ್ದರು' ಎಂದರೆ ಇವತ್ತಿನ ಕೆಲಸಗಳ ಚಿತ್ರಗಳನ್ನು ಇನ್ನೊಂದು ದಿನ ಹಿಡಿದು ಕೂರಿ.